ಕೊನೆಯ ಪೀರಿಯಡ್ಡಿನ ಗೋಳಿಬಜೆ

ನಮ್ಮ ಶಾಲೆಗೆ ಬಂದ ಮೊದಲ ಕಂಪ್ಯೂಟರನ್ನು ವಿರೋಧಿಸಿದವರಲ್ಲಿ ನಾನೇ ಮುಂದಾಳು. ಆಗ ಕೊಟ್ಟ ಕಾರಣಗಳೆಲ್ಲ ಬಹಳ ಘನವಾದವು. ಮಕ್ಕಳ ಕಣ್ಣು ಹಾಳಾಗುತ್ತದೆ, ಮನುಷ್ಯನ ಬುದ್ಧಿಗೆ ತುಕ್ಕು ಹಿಡಿಯುತ್ತದೆ, ಕರೆಂಟು ಹೋದ ಕೂಡಲೇ ವಿದ್ಯೆಯೂ ಹೋಗುತ್ತದೆ ಎಂದೆಲ್ಲ ಭಾಷಣ ಬಿಗಿದಿದ್ದೆ. ನಿಜವಾದ ಕಾರಣ ಗೋಳಿಬಜೆ. ಅದನ್ನು ಸಭೆಯಲ್ಲಿ ಹೇಳುವ ಹಾಗಿರಲಿಲ್ಲ.

ಎಂಬತ್ತರ ದಶಕದ ಕೊನೆ ಅದು. ಮೂಡುಬಿದಿರೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಲೆಕ್ಕದ ಮೇಷ್ಟ್ರು. ಲೆಕ್ಕದವನೆಂಬ ಒಂದೇ ಅಪರಾಧಕ್ಕೆ ಟೈಮ್‌ಟೇಬಲ್ ಮಾಡುವ ಕೆಲಸವೂ ನನ್ನ ತಲೆಗೇ ಬಿದ್ದಿತ್ತು. ಮೇ ತಿಂಗಳ ಕೊನೆಗೆ ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ, ಒಂದೊಂದು ಚೂರಿನ ಹಿಂದೆ ಒಬ್ಬೊಬ್ಬ ಅಧ್ಯಾಪಕರ ಹೆಸರು ಬರೆದು, ಗೆರೆ ಎಳೆದ ಹಲಗೆಯ ಮೇಲೆ ಚೆನ್ನೆಮಣೆಯ ಕಾಯಿಗಳಂತೆ ಆಚೀಚೆ ಸರಿಸುತ್ತ ಕೂರುವುದು ನನ್ನ ಪದ್ಧತಿ. ಹನ್ನೊಂದು ವರ್ಷ ಹೀಗೆ ನಡೆಯಿತು. ಶಾಲೆ ನಡೆಸುವುದು ಹೆಡ್‌ಮಾಸ್ಟರಲ್ಲ, ನಾನು ಎಂಬ ಸಣ್ಣ ಅಹಂಕಾರವೂ ಇತ್ತು.

ಆ ಹಲಗೆಯಲ್ಲಿ ಎರಡು ಗುಟ್ಟುಗಳಿದ್ದವು. ಹಿಂದಿಯ ಸುಮತಿ ಟೀಚರ್ ಮನೆ ಶಿರ್ತಾಡಿಯಲ್ಲಿ. ಹಾಸಿಗೆ ಹಿಡಿದ ಅವರ ಅತ್ತೆಯ ಬಳಿ ಕೂರುತ್ತಿದ್ದ ನೆರೆಮನೆಯ ಹೆಂಗಸು ನಾಲ್ಕೂವರೆಗೆ ಹಾಲು ಹಿಡಿದು ಸೊಸೈಟಿಗೆ ಹೋಗಲೇಬೇಕು. ಅಷ್ಟರೊಳಗೆ ಟೀಚರ್ ಮನೆ ಸೇರಬೇಕಾದರೆ ಮೂರೂಮುಕ್ಕಾಲಿನ ಬಸ್ಸೊಂದೇ ಗತಿ. ಶಾಲೆ ಬಿಡುವುದು ನಾಲ್ಕಕ್ಕೆ. ಹಾಗಾಗಿ ಕೊನೆಯ ಪೀರಿಯಡ್ಡು ಅವರಿಗೆ ಎಂದೂ ಬರದ ಹಾಗೆ ನೋಡಿಕೊಳ್ಳುತ್ತಿದ್ದೆ. ಎರಡನೆಯ ಗುಟ್ಟು ನನ್ನದು. ಶಾಲೆಯ ಎದುರಿನ ಹೋಟೆಲಿನಲ್ಲಿ ಸರಿಯಾಗಿ ಮೂರೂವರೆಗೆ ಗೋಳಿಬಜೆ ಎಣ್ಣೆಯಿಂದ ಏಳುತ್ತಿತ್ತು. ಆ ಹೊತ್ತಿಗೆ ನಾನೂ ಎದ್ದು ಹೋಗುತ್ತಿದ್ದೆ. ಹೀಗೆ ದಿನಾ ಇಬ್ಬರಿಗೆ ಬಿಡುವು ಸಿಗಲು ನಾನು ಕಂಡುಕೊಂಡ ಉಪಾಯವೆಂದರೆ, ಕೊನೆಯ ಪೀರಿಯಡ್ಡಿಗೆ ಎರಡು ಕ್ಲಾಸುಗಳನ್ನು ಒಟ್ಟು ಮಾಡಿ ಡ್ರಿಲ್‌ಗೆ ಬಿಡುವುದು. ಡ್ರಿಲ್ ಮೇಷ್ಟ್ರು ಧರ್ಮರಾಜರು ಸಾಧು ಮನುಷ್ಯ. ಇದರ ಒಳಗುಟ್ಟು ಅವರಿಗೆ ಹೊಳೆದೇ ಇಲ್ಲವೆಂದು ನಾನು ನಂಬಿದ್ದೆ.

ಅಷ್ಟರಲ್ಲಿ ಬೊಂಬಾಯಿಯಿಂದ ದಾಮೋದರ ಬಂದ. ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ಅವನು ತಾನು ಓದಿದ ಶಾಲೆಗೆಂದು ಕಂಪ್ಯೂಟರನ್ನು ಉಚಿತವಾಗಿ ತಂದುಕೊಟ್ಟದ್ದಲ್ಲದೆ, ತನ್ನ ರಜೆ ಮುಗಿಯುವ ಮೊದಲು ಟೈಮ್‌ಟೇಬಲನ್ನೂ ಅದರಲ್ಲೇ ಮಾಡಿಕೊಡುತ್ತೇನೆಂದು ಹೆಡ್‌ಮಾಸ್ಟರಿಗೆ ಮಾತು ಕೊಟ್ಟುಬಿಟ್ಟ.

ಪುಕ್ಕಟೆ ಸಿಕ್ಕಿದರೆ ನನಗೊಂದಿರಲಿ, ನಮ್ಮಪ್ಪನಿಗೂ ಒಂದಿರಲಿ ಎನ್ನುವ ಜನ ನಾವು. ಟಾರ್ಚು, ಟ್ರಾನ್ಸಿಸ್ಟರು ಬಂದಾಗ ಯಾರೂ ಬೇಡ ಎನ್ನಲಿಲ್ಲ. ಆದರೆ ಬಂಟ್ವಾಳದ ನನ್ನ ಅತ್ತೆ, ಮಗಳು ಕೊಟ್ಟ ಮಿಕ್ಸಿಯನ್ನು ಐದು ವರ್ಷ ಕಪಾಟಿನಲ್ಲಿಟ್ಟು ರುಬ್ಬುವ ಕಲ್ಲಿನಲ್ಲೇ ಕಡೆದರು. ಕೇಳಿದರೆ, "ಅದರಲ್ಲಿ ಚಟ್ನಿ ಬಿಸಿಯಾಗ್ತದೆ" ಎನ್ನುತ್ತಿದ್ದರು. ವಿಷಯ ಬೇರೆಯೇ ಇತ್ತು. ಅವರು ಕಡೆಯುವ ಹೊತ್ತಿಗೆ ಪಕ್ಕದ ಮನೆಯಾಕೆ ಬಂದು ಕೂತು ಸುಖದುಃಖ ಮಾತಾಡುತ್ತಿದ್ದಳು. ಎರಡು ನಿಮಿಷದ ಮಿಕ್ಸಿ ಗದ್ದಲಕ್ಕೆ ಯಾರು ಬಂದು ಕೂರುತ್ತಾರೆ? ಹಳೆಯ ಕೆಲಸಗಳ ಮಡಿಕೆಯಲ್ಲಿ ನಾವೆಲ್ಲ ಏನಾದರೊಂದನ್ನು ಬಚ್ಚಿಟ್ಟುಕೊಂಡಿರುತ್ತೇವೆ. ಹೊಸ ಯಂತ್ರ ಬಂತೆಂದರೆ ಮಡಿಕೆ ಬಿಚ್ಚಬೇಕು. ನಮಗೆ ಹೆದರಿಕೆ ಅದರದ್ದು.

ಚಪ್ಪಲಿ ಹೊರಗಿಟ್ಟು, ಹೆಡ್‌ಮಾಸ್ಟರು ಕಂಪ್ಯೂಟರಿಗೆ ಹೊದಿಸಿದ್ದ ಜರಿಶಾಲು ಸರಿಸಿ ನಾವಿಬ್ಬರೂ ಅದರ ಮುಂದೆ ಕೂತೆವು. "ಷರತ್ತು ಎಲ್ಲ ಹೇಳು, ಹಾಕುವ" ಎಂದ ದಾಮೋದರ. ಲ್ಯಾಬು ಒಂದೇ ಇರುವುದು, ಕನ್ನಡ ಪಂಡಿತರು ಬೆಳಿಗ್ಗೆ ತಡವಾಗಿ ಬರುವುದು, ಎಲ್ಲ ಹೇಳಿದೆ. ಆ ಎರಡು ಗುಟ್ಟುಗಳನ್ನು ಮಾತ್ರ ಹೇಳಲಿಲ್ಲ. ಬರೆದಿಟ್ಟರೆ ಅದು ನಿಯಮವಾಗುತ್ತದೆ, ನಿಯಮವಾದರೆ ಅವರಿಗೆ ಯಾಕೆ, ನಮಗೆ ಯಾಕಿಲ್ಲ ಎಂದು ನಾಲ್ಕು ಜನ ಕೇಳುತ್ತಾರೆ.

ಪ್ರಿಂಟರು ಕರಕರನೆ ಅರಚಿ ಹೊಸ ಟೈಮ್‌ಟೇಬಲ್ ಉಗುಳಿತು. ಸುಮತಿ ಟೀಚರ್‌ಗೆ ವಾರದಲ್ಲಿ ನಾಲ್ಕು ದಿನ ಕೊನೆಯ ಪೀರಿಯಡ್ಡು. ಅವರು ಹಾಳೆಯನ್ನು ಎರಡು ಸಲ ನೋಡಿದರು. "ಪರವಾಗಿಲ್ಲ ಸರ್, ಏನಾದ್ರೂ ಮಾಡುವ" ಎಂದು ಕನ್ನಡಕ ಒರೆಸಿಕೊಂಡರು. ಆ ದಿನ ಊಟ ನನಗೆ ರುಚಿಸಲಿಲ್ಲ.

ಮರುದಿನ ದಾಮೋದರನಿಗೆ ಎರಡನ್ನೂ ಹೇಳಿಬಿಟ್ಟೆ, ಗೋಳಿಬಜೆಯ ಹೆಸರು ಎತ್ತದೆ. ಅವನು ಯಾಕೆಂದು ಕೇಳಲಿಲ್ಲ, ಯಂತ್ರವೂ ಕೇಳಲಿಲ್ಲ. ಇದು ನನಗೆ ಬಹಳ ಹಿಡಿಸಿತು. ಆದರೆ ಅರ್ಧ ಗಂಟೆ ಗುಂಯ್‌ಗುಟ್ಟಿದ ಮೇಲೆ ಅದು ಆಗುವುದಿಲ್ಲವೆಂದಿತು. ಒಬ್ಬ ಅಧ್ಯಾಪಕನಿಗೆ ಒಂದು ಹೊತ್ತಿಗೆ ಒಂದೇ ಕ್ಲಾಸು ಎಂದು ಅದಕ್ಕೆ ಕಲಿಸಿಟ್ಟಿದ್ದರಂತೆ. ನನ್ನ ಡ್ರಿಲ್ಲಿನ ಉಪಾಯ ಅದರ ಶಾಸ್ತ್ರದಲ್ಲಿರಲಿಲ್ಲ.

"ಒಂದನ್ನು ತೆಗಿಬೇಕು ಮಾರಾಯ. ಯಾವುದು?"

"ನನ್ನದು ತೆಗಿ" ಎಂದೆ. ದೊಡ್ಡ ತ್ಯಾಗ ಮಾಡಿದವನಂತೆ ಎದೆ ಸ್ವಲ್ಪ ಉಬ್ಬಿತು ಕೂಡ.

ಸೋಮವಾರ ಕೊನೆಯ ಪೀರಿಯಡ್ಡಿನಲ್ಲಿ ಒಂಬತ್ತನೆಯ ಕ್ಲಾಸಿಗೆ ಸಮೀಕರಣ ಬಿಡಿಸುತ್ತಿದ್ದೆ. ಮೂರೂವರೆಗೆ ಕಿಟಕಿಯಿಂದ ಪರಿಮಳ ಬಂತು. ಲೆಕ್ಕ ತಪ್ಪಿತು, ಮಕ್ಕಳೇ ತಿದ್ದಿದರು. ಮೂರೂಮುಕ್ಕಾಲಿಗೆ ಸುಮತಿ ಟೀಚರ್ ಕೊಡೆ ಹಿಡಿದು ಬಸ್ಸು ಹತ್ತುವುದು ಕಂಡಿತು. ಸಮಾಧಾನವಾಯಿತು, ಹೊಟ್ಟೆಗಲ್ಲದಿದ್ದರೂ.

ನಾಲ್ಕಕ್ಕೆ ಸ್ಟಾಫ್ ರೂಮಿಗೆ ಬಂದರೆ ನನ್ನ ಮೇಜಿನ ಮೇಲೆ ಬಾಳೆಲೆಯ ಒಂದು ಕಟ್ಟು. ಪಕ್ಕದಲ್ಲಿ ಧರ್ಮರಾಜರು ಬೆವರು ಒರೆಸುತ್ತ ನಿಂತಿದ್ದರು.

"ಆರಿದೆ ಸರ್. ಆದ್ರೂ ತಿನ್ನಿ."

"ನಿಮಗೆ ಹೇಗೆ ಗೊತ್ತು?"

"ಹನ್ನೊಂದು ವರ್ಷ ನಾನು ಬಿಸಿಲಲ್ಲಿ ಎರಡೆರಡು ಕ್ಲಾಸಿನ ಮಕ್ಕಳನ್ನು ಹಿಡ್ಕೊಂಡು ನಿಂತದ್ದು ಎಂಥಕ್ಕೆ ಅಂತ ಎಣಿಸಿದ್ರಿ? ಟೀಚರಿಗೆ ಬಸ್ಸು ಉಂಟು, ನಿಮಗೆ ಬಜೆ ಉಂಟು. ನನಗೆ ಗೊತ್ತಿಲ್ವಾ?"

ನನಗೆ ನಾಚಿಕೆಯಾಯಿತು. ಷರತ್ತುಗಳನ್ನೆಲ್ಲ ಬರೆಸಿದ್ದೇನೆಂದುಕೊಂಡಿದ್ದೆ. ಧರ್ಮರಾಜರ ಬಿಸಿಲೊಂದು ನನ್ನ ಪಟ್ಟಿಯಲ್ಲೇ ಇರಲಿಲ್ಲ.

ಕಟ್ಟು ಬಿಚ್ಚಿ ಅರ್ಧ ಅವರ ಕೈಗಿಟ್ಟೆ. ಅಂದಿನಿಂದ ಕಂಪ್ಯೂಟರಿನ ಮೇಲೆ ನನಗೆ ಸಿಟ್ಟಿಲ್ಲ. ಅದು ಬಾರದೆ ಇದ್ದಿದ್ದರೆ ಬಿಸಿಬಿಸಿ ಗೋಳಿಬಜೆಯನ್ನು ಕೊನೆಯವರೆಗೂ ನಾನೊಬ್ಬನೇ ತಿನ್ನುತ್ತಿದ್ದೆ.