ರಂಗೋಲಿಯೊಳಗೆ ಕೂತು ಆರಿಸಿದ ದೋಣಿ

ಕೊಚ್ಚಿಯಲ್ಲಿ ಕೆಲಸದಲ್ಲಿದ್ದಾಗ ನಾನೂ ನಮ್ಮ ಯಜಮಾನರೂ ಹಾಯಿದೋಣಿ ನಡೆಸುವುದನ್ನು ಕಲಿತಿದ್ದೆವು. ಬಳ್ಳಾರಿಗೆ ಬಂದು ನೆಲೆಸಿದ ಮೇಲೆ ಅದು ಬರೀ ನೆನಪು. ಹೋದ ವರ್ಷ ಅವರಿಗೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಸೋತವು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಇನ್ನೊಂದ್ಸಲ ನಿನ್ನ ಕೂಡ ನೀರಿನ ಮ್ಯಾಲ ಹೋಗ್ಬೇಕಲೇ," ಎಂದರು. ಎಂದೂ ಏನನ್ನೂ ಕೇಳಿದ ಮನುಷ್ಯರಲ್ಲ ಅವರು.

ಸಿರುಗುಪ್ಪದ ಆಚೆ, ದೇಶನೂರಿನ ಹತ್ತಿರ, ಹೊಳೆ ಅಗಲವಾಗಿ ನಿಲ್ಲುವ ಕಡೆಗೆ ಸಣ್ಣ ದೋಣಿ ಸಾಕು. ಮಾರಾಟಕ್ಕಿದ್ದ ಎರಡು ಹಳೆಯ ದೋಣಿಗಳ ಫೋಟೊ ತರಿಸಿದೆ. ಒಂದು ಸಪೂರ, ಎರಡು ಹಾಯಿ, ಸಿಂಪ್ಲಿ ಬ್ಯೂಟಿಫುಲ್! ಇನ್ನೊಂದು ಒಂದೇ ಹಾಯಿಯದು, ಅಗಲ, ಚಪ್ಪಟೆ ತಳ, ಥೇಟ್ ಕೊಪ್ಪರಿಗೆ. ನನ್ನ ಮನಸ್ಸು ಸಪೂರದ್ದರ ಮೇಲೆಯೇ.

ಕುರುಗೋಡಿನಿಂದ ಬಂದಿದ್ದ ನಾದಿನಿ ನಕ್ಕಳು. "ಸೀರಿ ಆರಿಸಿದಂಗ ಆರಸ್ತೀರಲ್ರಿ ಅತ್ತಿಗಿ! ಅಳತಿ ಹೇಳ್ರಿ, ಅಂಗಳದಾಗ ಬರೀತೀನಿ. ಕುಂತು ನೋಡ್ರಿ."

ಅವಳ ರಂಗೋಲಿಯ ಕೈ ದೊಡ್ಡದು. ಅಂಗಳಕ್ಕೆ ನೀರು ಹಾಕಿ, ಗುಡಿಸಿ, ಎರಡು ದೋಣಿಗಳನ್ನೂ ಪೂರ್ತಿ ಅಳತೆಯಲ್ಲಿ ಬರೆದಳು. ಎದುರು ಮನೆಯಾಕೆ, "ಇವತ್ತ್ಯಾವ ಹಬ್ಬರಿ?" ಎಂದು ಬಾಗಿಲಿಗೇ ಬಂದಳು.

ಮೊದಲು ಸಪೂರದ್ದು. ಸ್ಟೂಲು ಇಟ್ಟುಕೊಂಡು ಕೂತೆವು. ಯಜಮಾನರ ಬಲಗೈಗೆ ಚುಕ್ಕಾಣಿಯೆಂದು ಕಸಬರಿಗೆ. ಹಾಯಿಯ ಅಡ್ಡಕೋಲಿನ ಬದಲು ನಾದಿನಿ ಬಟ್ಟೆ ಒಣಹಾಕುವ ಗಳವನ್ನು ನಮ್ಮ ತಲೆಯ ಮೇಲೆ ತಿರುಗಿಸಿದಳು.

"ತಲಿ ಬಗ್ಸಣ್ಣಾ!"

"ನಿಮ್ಮತ್ತಿಗಿ ಮುಂದ ಬಗ್ಸಿ ಬಗ್ಸಿ ರೂಢಿ ಐತಿ ಬಿಡು."

ಹಾಯಿ ತಿರುಗಿದಾಗಲೆಲ್ಲ ಸಪೂರ ದೋಣಿಯಲ್ಲಿ ಇಬ್ಬರೂ ಆಚೆ ಬದಿಗೆ ದಾಟಬೇಕು; ಇಲ್ಲದಿದ್ದರೆ ಬ್ಯಾಲೆನ್ಸ್ ಹೋಯಿತು. ದಾಟಿದರೆ ಚುಕ್ಕಾಣಿ ಎಡಗೈಗೆ ಬರುತ್ತದೆ. ಅವರು ಏಳಲು ಹೋಗಿ ಗೆರೆ ತುಳಿದರು. ಇನ್ನೊಮ್ಮೆಯೂ ತುಳಿದರು.

"ನೀರಾಗ ಬಿದ್ದಿ ಅಣ್ಣಾ!" ಎಂದ ನಾದಿನಿ ಅವರ ಮುಖ ನೋಡಿ ಗಳವನ್ನು ಗೋಡೆಗೆ ಆನಿಸಿದಳು.

ಕಸಬರಿಗೆ ಕೆಳಗಿಟ್ಟು ಅವರೆಂದರು, "ನಿನಗ ಮನಸಿದ್ದದ್ದು ತಗೋ. ನಾ ದಂಡಿಮ್ಯಾಲ ಕುಂತು ನೋಡ್ತೀನಿ."

"ನಾನ್ಸೆನ್ಸ್. ನಿಮ್ಮನ್ನ ದಂಡಿಗಿ ಕುಂದ್ರಿಸಿ ನಾ ಯಾಕ ಹೋಗ್ಲಿರೀ?"

ತೋಳು ಹಿಡಿದು ಕೊಪ್ಪರಿಗೆಯೊಳಗೆ ಕೂರಿಸಿದೆ. ಅದರ ಅಗಲಕ್ಕೆ ಒಬ್ಬರು ಕೂತಲ್ಲೇ ಕೂತರೂ ನಡೆಯುತ್ತದೆ. ಅವರು ಎಡಬದಿಯಲ್ಲಿ, ಚುಕ್ಕಾಣಿ ಬಲಗೈಯಲ್ಲಿ. ಗಳ ತಿರುಗಿದಾಗ ದಾಟಿದವಳು ನಾನೊಬ್ಬಳೇ. ಗೆರೆ ಅಳಿಯಲಿಲ್ಲ. ಅವರು ಕಸಬರಿಗೆಯನ್ನು ಬಹಳ ಹೊತ್ತು ಬಿಡಲೇ ಇಲ್ಲ.

ದೇಶನೂರಿನ ನೀರಿಗೆ ಆ ದೋಣಿಯನ್ನೇ ಇಳಿಸಿದೆವು. ಇಬ್ಬರಿಗೂ ಲೈಫ್ ಜಾಕೆಟ್. ಪಡುವಣ ಗಾಳಿ ಹಾಯಿ ತುಂಬಿದಾಗ ಅವರ ಬೆನ್ನು ನೆಟ್ಟಗಾಯಿತು. ಥ್ಯಾಂಕ್ ಗಾಡ್, ಇದನ್ನು ನಾನು ದಡದಿಂದ ನೋಡಬೇಕಾಗಿರಲಿಲ್ಲ. ಅವರ ಎದುರಿಗೇ ಇದ್ದೆ.

"ತಲಿ!" ಎಂದು ನನಗೇ ಹುಕುಂ ಮಾಡಿದರು. ಬಗ್ಗಿಸಿದೆ, ಮಹಾ ಸಂತೋಷದಿಂದ.

ದಡದಿಂದ ನಾದಿನಿ ಕೂಗುತ್ತಿದ್ದಳು, "ಅತ್ತಿಗೀ, ಗೆರಿ ತುಳದೀರಿ, ಹುಷಾರ್!"