ಕ್ಯಾಮೆರಾ ಅಕ್ಕನ ಒಂಬತ್ತನೇ ಪರದೆ

ನಮ್ಮ ಮಾಲಿನ ನೆಲಮಾಳಿಗೆಯಲ್ಲಿ ಸಿಸಿಟಿವಿಯ ಎಂಟು ಪರದೆಗಳ ಮುಂದೆ ಕೂರುವವಳು ಕ್ಯಾಮೆರಾ ಅಕ್ಕ. ಕಳ್ಳನನ್ನೋ ತಪ್ಪಿಸಿಕೊಂಡ ಮಗುವನ್ನೋ ಕಂಡರೆ ಅವಳು ವಾಕಿಟಾಕಿಯಲ್ಲಿ ಕೂಗಬೇಕು, ಸೆಕ್ಯೂರಿಟಿಯವರಾದ ನಾವು ಓಡಬೇಕು. ಅವಳು ಕೂಗಿ ನಾವು ಓಡದೇ ಇದ್ದ ದಿನವೇ ಇಲ್ಲ.

ಈಚೆಗೆ ಅವಳಿಗೆ ಒಂಬತ್ತನೆಯ ಪರದೆಯೊಂದು ಅಂಟಿಕೊಂಡಿತ್ತು. ಅದು ಮೇಜಿನ ಮೇಲೆ ಒರಗಿಸಿಟ್ಟ ಅವಳ ಫೋನು. ಅದರಲ್ಲಿ ಎಲ್ಲೋ ದೂರದ ಕೆರೆಯ ಪಕ್ಕದ ಮೀನುಗಿಡುಗಗಳ ಗೂಡು ಹಗಲೆಲ್ಲ ನೇರಪ್ರಸಾರದಲ್ಲಿ ಕಾಣುತ್ತಿತ್ತು. ಗಂಡು ಮೀನು ತರುತ್ತಿತ್ತು, ಹೆಣ್ಣು ಅದನ್ನು ಹರಿದು ಎರಡು ಮರಿಗಳಿಗೆ ತಿನ್ನಿಸುತ್ತಿತ್ತು. ಮೊನ್ನೆಯಿಂದ ಗಂಡಿನ ಸುಳಿವೇ ಇಲ್ಲ.

"ಎಲ್ಲಿ ಹಾಳಾಗಿ ಹೋದ್ನೋ! ಅವಳು ಉಪವಾಸ ಬಿದ್ದು ಮರಿ ಕಾಯ್ತಿದಾಳೆ," ಎಂದು ಅಕ್ಕ ನನ್ನ ಮೇಲೆ ಹರಿಹಾಯ್ದಳು, ನಾನೇ ಆ ಗಂಡು ಎಂಬಂತೆ. ನಾನು ತಂದ ಟೀ ಮುಟ್ಟಲಿಲ್ಲ.

ಇವತ್ತು ಮಧ್ಯಾಹ್ನ ವಾಕಿಟಾಕಿಯಲ್ಲಿ ಅವಳ ಕಿರುಚಾಟ ಕೇಳಿತು.

"ತಾಯಿ ಮೀನು ಹಿಡಿಯೋಕೆ ಹೋಗಿದಾಳೆ! ಮರಿಗಳ ಮೇಲೆ ಹದ್ದು ಇಳೀತಿದೆ! ಓಡ್ರೋ, ಯಾರಾದ್ರೂ ಓಡ್ರೋ!"

"ಯಾವ ಮಹಡಿ ಅಕ್ಕಾ? ಯಾವ ಮಹಡಿ?" ಎನ್ನುತ್ತ ನಮ್ಮವರು ಎದ್ದೆವೋ ಬಿದ್ದೆವೋ ಎಂದು ಓಡಿದರು. ಅರ್ಥವಾದದ್ದು ನನಗೊಬ್ಬನಿಗೆ. ನಾನು ನೆಲಮಾಳಿಗೆಗೆ ಇಳಿದೆ.

ವಾಕಿಟಾಕಿಯ ಗುಂಡಿ ಒತ್ತಿ ಒತ್ತಿ ಅವಳ ಹೆಬ್ಬೆರಳು ಬಿಳಿಚಿಕೊಂಡಿತ್ತು.

"ನೋಡು, ಎಲ್ಲರೂ ಬಂದ್ರು," ಎಂದಳು.

ಎಂಟು ಪರದೆಗಳಲ್ಲೂ ನಮ್ಮವರು ಓಡುತ್ತಿದ್ದರು. ಒಂಬತ್ತನೆಯದರಲ್ಲಿ ಮರಿಗಳಿಲ್ಲದ ಬರೀ ಗೂಡಿತ್ತು.