ಛತ್ರಿಲಾಲನ ನಗು ಯಾರದು

ಚಿಕ್ಕಂದಿನಲ್ಲಿ ಹೊಟ್ಟೆ ಹಿಡಿದು ನಕ್ಕ ಪುಸ್ತಕವನ್ನು ಮತ್ತೆ ಹುಡುಕಬೇಡ ಎಂದು ಯಾರಾದರೂ ನನಗೆ ಮೊದಲೇ ಹೇಳಬೇಕಿತ್ತು. ಯಾರೋ ಪುಣ್ಯಾತ್ಮರು ಇಂಟರ್‌ನೆಟ್ಟಿಗೆ ಹಾಕಿದ್ದ ಛತ್ರಿಲಾಲನ ಹಳೆಯ ಸಂಚಿಕೆಗಳು ಮೊಬೈಲಿನಲ್ಲಿ ಸಿಕ್ಕವು. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಛತ್ರಿಲಾಲ ಹಿಂದಿ ಕಾಮಿಕ್ಸಿನ ನಾಯಕ. ಛತ್ರಿ ಬಿಚ್ಚಿದರೆ ಆಕಾಶಕ್ಕೆ ಹಾರುವ ಶೂರ, ಮಡಚಿದರೆ ಬರೀ ಗುಮಾಸ್ತ. ಕೊಪ್ಪಳ ಜಿಲ್ಲೆಯಾದ ಹೊಸದರಲ್ಲಿ ನಾವು ತಾವರಗೇರಾದಲ್ಲಿದ್ದೆವು. ಪಕ್ಕದ ಮನೆಯ ಶಮೀಮಕ್ಕನ ಅಣ್ಣ ಲಾರಿಯಲ್ಲಿ ಸೊಲ್ಲಾಪುರಕ್ಕೆ ಹೋದಾಗಲೆಲ್ಲ ಈ ಪುಸ್ತಕ ತರುತ್ತಿದ್ದ. ಓದುವುದೇ ಪೇಚು. ಶಾಲೆಯಲ್ಲಿ ನನಗೆ ಹಿಂದಿ ಅಕ್ಷರ ಕಲಿಸಿದ್ದರು, ಅರ್ಥ ಇನ್ನೂ ಬಂದಿರಲಿಲ್ಲ. ಶಮೀಮಕ್ಕನಿಗೆ ಮನೆಮಾತಿನ ಬಲದಿಂದ ಹಿಂದಿ ಅರ್ಥವಾಗುತ್ತಿತ್ತು, ಆದರೆ ಅವಳು ಕಲಿತದ್ದು ಉರ್ದು ಲಿಪಿ. ಹೀಗಾಗಿ ಅವರ ಗಾದಿ ಅಂಗಡಿಯ ಹತ್ತಿಮೂಟೆಯ ಮೇಲೆ ಕೂತು ನಾನು ಅಕ್ಷರ ಕೂಡಿಸಿ ಕೂಗುತ್ತಿದ್ದೆ. ಅವಳು ಕೇಳಿಸಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದಳು. ಇಬ್ಬರೂ ಸೇರಿದರೆ ಒಬ್ಬ ಓದುಗ.

ನನ್ನ ನೆನಪಿನ ಛತ್ರಿಲಾಲ ಕಳ್ಳರನ್ನು ಅಟ್ಟಿಸಿಕೊಂಡು ಹೋಗುತ್ತ ನಮ್ಮೂರ ಹತ್ತಿರದ ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮಿರ್ಚಿ ಭಜಿ ತಿನ್ನುತ್ತಾನೆ. ಕಳ್ಳರು, 'ನೀವು ಆರಾಮ ತಿನ್ರಿ, ನಾವು ಇಲ್ಲೇ ನಿಂತಿರ್ತೀವಿ' ಎನ್ನುತ್ತಾರೆ. ಮೊಬೈಲಿನ ಛತ್ರಿಲಾಲ 'ನಿಲ್ಲು, ದುಷ್ಟ' ಎನ್ನುತ್ತಾನೆ. ದುಷ್ಟ ನಿಲ್ಲುತ್ತಾನೆ. ಅಷ್ಟೇ. ಅನುವಾದದಲ್ಲಿ ಏನೇನು ಕಳೆದುಹೋಗುತ್ತದೆ ಎಂದು ಎಂ.ಎ. ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವನು ನಾನು. ಏನೇನು ಬಂದು ಸೇರಿಕೊಳ್ಳುತ್ತದೆ ಎಂದು ಯಾರೂ ಕೇಳಿರಲಿಲ್ಲ.

ಕಥೆಯೊಳಗೆ ಆ ಮಿರ್ಚಿ ಕರಿದು ಸೇರಿಸಿದವಳು ಶಮೀಮಕ್ಕನೇ ಇರಬೇಕು. ಆದರೆ ನನ್ನ ನೆನಪಿನ ಮೇಲೆ ನನಗೇ ಭರವಸೆಯಿಲ್ಲ. ಹೋದ ವರ್ಷದ ನನ್ನ ದಿನಚರಿ ತೆಗೆದರೆ, ನಾನು ಎಂದೂ ಆಡದ ಎಷ್ಟೋ ಜಾಣ ಮಾತುಗಳನ್ನು ಅದರಲ್ಲಿ ಆಡಿದ್ದೇನೆ. ಅವಳೂ 'ಇಲ್ಲ' ಎಂದರೆ, ಆ ನಗುವನ್ನು ನಾನೇ ದೊಡ್ಡವನಾದ ಮೇಲೆ ಕಟ್ಟಿಕೊಂಡೆ ಎಂದಾಗುತ್ತದೆ. ಇರುವ ಸಾಕ್ಷಿ ಅವಳೊಬ್ಬಳೇ. ಮದುವೆಯಾಗಿ ಗಂಗಾವತಿಯಲ್ಲಿದ್ದಾಳೆ. ಭಾನುವಾರ ಬಸ್ಸು ಹತ್ತಿದೆ.

"ಅಕ್ಕ ಹೆಂಗದಾಳ ಅಂತ ಒಂದಿನ ಬರ್ಲಿಲ್ಲ. ಛತ್ರಿಲಾಲನ್ನ ಕೇಳಾಕ ಬಂದೀಯಲ್ಲೋ," ಎಂದಳು, ಸೊಪ್ಪು ಸೋಸುತ್ತ.

ಮಿರ್ಚಿಯ ವಿಷಯ ಎತ್ತಿದೆ.

"ಅದು ನೀನ ಓದಿದ್ದಪಾ. ನಾ ಬರೇ ಹೇಳೀನಿ."

"ಪುಸ್ತಕದಾಗ ಇಲ್ಲಕ್ಕಾ. ನೀನ ಸೇರಿಸಿರಬೇಕು."

"ನನಗ ಅಕ್ಷರ ಬರ್ತಿದ್ವೇನು ಸೇರಸಾಕ? ನೀ ಅರ್ಧ ಓದಿ ಅರ್ಧ ನುಂಗತಿದ್ದಿ. ಈಗ ಓದು, ನೋಡೂಣು."

ಅದೇ ಪುಟ ತೆಗೆದು ಓದಿದೆ. ಈಗ ನನ್ನ ಹಿಂದಿ ಚೊಕ್ಕವಾಗಿದೆ, ಎಲ್ಲೂ ತಡವರಿಸಲಿಲ್ಲ. ಅವಳ ಮುಖದಲ್ಲಿ ಏನೂ ಅರಳಲಿಲ್ಲ. ಇಷ್ಟು ದೂರ ಬಂದು ಇದ್ದದ್ದನ್ನೂ ಕಳೆದುಕೊಂಡೆ ಅನ್ನಿಸಿತು.

"ಹಿಂಗ ಗಡಗಡ ಓದಿ ಮುಗಿಸಿದ್ರ," ಎಂದಳು, "ನಡುವ ನಾ ಏನ್ ಹೇಳ್ಲಿ?"

ಮುಂದಿನ ಪುಟಕ್ಕೆ ಸರಿದೆ. ಒಂದೊಂದೇ ಅಕ್ಷರ ಕೂಡಿಸುತ್ತ ಹೋಗಿ ಮಾತಿನ ಅರ್ಧಕ್ಕೇ ನಿಲ್ಲಿಸಿದೆ. ಶಮೀಮಕ್ಕ ಸೊಪ್ಪು ಬಿಟ್ಟು ಚಿತ್ರದ ಕಡೆ ಬಗ್ಗಿದಳು.

"ಛತ್ರಿಲಾಲ ಅಂತಾನ, ಇವತ್ತ ಗಾಳಿ ಭಾಳ ಐತಿ, ಕಳ್ಳರಿಗೆ ನಾಳೆ ಬರಾಕ ಹೇಳ್ರಿ."

ಉಳಿದರ್ಧದಲ್ಲಿ ನಿಜವಾಗಿ ಏನಿದೆ ಎಂದು ನೋಡುವ ಚಪಲ ಜೋರಾಗಿ ಬಂತು. ಮೊಬೈಲನ್ನು ಬೋರಲು ಹಾಕಿ ನಗತೊಡಗಿದೆ.